ಊರಿನವರ ಹಬ್ಬಕ್ಕೆ ಅಂಗಳ ಕೊಡುವ ಮನೆಗಳು

(ಹೋಂಸ್ಟೇ ನಡೆಸುವವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಮನೆಯನ್ನೇ ಅತಿಥಿಗಳಿಗೆ ತೆರೆದಿಟ್ಟವರು. ಹಾಗಾಗಿ ಪೀಠಿಕೆ ಹಾಕೋದಿಲ್ಲ. ಬಂದವರು ‘ಸಂಜೆ ಏನಾದ್ರೂ ಕಲ್ಚರಲ್ ಪ್ರೋಗ್ರಾಂ ಇದೆಯಾ’ ಅಂತ ಕೇಳುತ್ತಾರೆ. ನೀವು ಯಾವುದೋ ತಂಡಕ್ಕೆ ಫೋನ್ ಮಾಡುತ್ತೀರಿ. ಅವರು ಬರುತ್ತಾರೆ, ಬೆಂಕಿ ಸುತ್ತ ಮುಕ್ಕಾಲು ಗಂಟೆ ಕುಣಿಯುತ್ತಾರೆ, ಊಟ ಮಾಡಿ ದುಡ್ಡು ತಗೊಂಡು ಹೋಗುತ್ತಾರೆ. ಅತಿಥಿಗಳು ವಿಡಿಯೋ ಮಾಡಿಕೊಳ್ಳುತ್ತಾರೆ. ಪಕ್ಕದ ಮನೆಯವರು ಯಾರೂ ನೋಡಲು ಬಂದಿರುವುದಿಲ್ಲ. ಅಲ್ವಾ?

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದಕ್ಕೆ ಪೂರ್ತಿ ಉಲ್ಟಾ ನಡೆಯುವ ಮನೆಗಳ ಬಗ್ಗೆ. ಅಲ್ಲಿ ಕಾರ್ಯಕ್ರಮ ನಡೆಯುವುದು ಊರಿನವರಿಗಾಗಿ. ದುಡ್ಡು ಕೊಡುವವರೂ ಅವರೇ. ದೂರದಿಂದ ಬಂದ ಅತಿಥಿಗೆ ಹಿಂದಿನ ಸಾಲಿನಲ್ಲಿ ಒಂದು ಸ್ಟೂಲ್ ಸಿಗುತ್ತದೆ, ಅಷ್ಟೇ. ಈ ಮನೆಗಳಿರುವುದು ಮಡಗಾಸ್ಕರ್‌ನ ನಡುನಾಡಿನಲ್ಲಿ.

ಮಡಗಾಸ್ಕರ್ ಅಂದ ಕೂಡಲೇ ಕೆಲವರಿಗೆ ಕಾರ್ಟೂನ್ ನೆನಪಾಗುತ್ತದೆ, ಕೆಲವರಿಗೆ ಲೀಮರ್. ಅದನ್ನೆಲ್ಲ ಬದಿಗಿಡಿ. ನಮ್ಮ ಕರ್ನಾಟಕದ ಮೂರರಷ್ಟು ವಿಸ್ತಾರದ ದ್ವೀಪ ಅದು. ಆಫ್ರಿಕಾದ ಪಕ್ಕದಲ್ಲೇ ಇದ್ದರೂ ಅಲ್ಲಿನ ಭಾಷೆಯ ಹತ್ತಿರದ ನೆಂಟರು ಇರುವುದು ಇಂಡೋನೇಷ್ಯಾದ ಬೋರ್ನಿಯೊದಲ್ಲಿ. ಸಾವಿರ ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಬಂದವರು ತಮ್ಮ ಭತ್ತವನ್ನೂ ತಂದರು. ದ್ವೀಪದ ನಡುವೆ ಎತ್ತರದ ಪ್ರಸ್ಥಭೂಮಿ ಇದೆ. ರಾಜಧಾನಿ ಅಂತನನರಿವೊ ಇರುವುದು ಅಲ್ಲೇ, ಜನ ಸುಮ್ನೆ ‘ತಾನಾ’ ಅನ್ನುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಏಳನೇ ನಂಬರಿನ ಹೆದ್ದಾರಿ ಹಿಡಿದರೆ ಅಂಬಾತುಲಂಪಿ ಸಿಗುತ್ತದೆ. ಗುಜರಿ ಅಲ್ಯೂಮಿನಿಯಂ ಕರಗಿಸಿ, ಮಣ್ಣಿನ ಅಚ್ಚಿಗೆ ಸುರಿದು ಪಾತ್ರೆ ಎರೆಯುವ ಊರು. ಮುಂದೆ ಸುಮಾರು 1500 ಮೀಟರ್ ಎತ್ತರದಲ್ಲಿ ಆಂತ್ಸಿರಬೆ. ಜುಲೈ ರಾತ್ರಿಗಳಲ್ಲಿ ಅಲ್ಲಿ ಒಮ್ಮೊಮ್ಮೆ ಇಬ್ಬನಿಯೇ ಹೆಪ್ಪುಗಟ್ಟುತ್ತದೆ. ಆಫ್ರಿಕಾ ಅಂತ ಬರೀ ಟೀ ಶರ್ಟ್ ತಗೊಂಡು ಹೋದವರು ನಡುಗುತ್ತಾ ಕೂರುತ್ತಾರೆ.

ಈ ದಾರಿಯ ಆಚೀಚೆ, ಮತ್ತೆ ರಾಜಧಾನಿಯ ಪಶ್ಚಿಮಕ್ಕೆ ಇತಾಸಿ ಸರೋವರದ ಸುತ್ತ, ಹಳ್ಳಿಗಳಲ್ಲಿ ಅತಿಥಿಮನೆಗಳಿವೆ. ನಾನು ಯಾವುದೇ ಒಂದರ ಹೆಸರು ಹೇಳಲು ಹೋಗುವುದಿಲ್ಲ, ಜಾಹೀರಾತು ಆಗಿಬಿಡುತ್ತದೆ. ಹೆಚ್ಚಿನವು ಒಂದೇ ನಮೂನೆಯವು: ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆ, ಕಡಿದಾದ ಮಾಡು, ಮುಂದೆ ಕಂಬಗಳ ಮೇಲೆ ನಿಂತ ಜಗುಲಿ. ಎದುರಿಗೆ ಗದ್ದೆ.

ಆ ಇಟ್ಟಿಗೆ ಬರುವುದೂ ಗದ್ದೆಯಿಂದಲೇ. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ರೈತರು ಅದೇ ಮಣ್ಣನ್ನು ಕಲಸಿ ಅಚ್ಚು ಹಾಕುತ್ತಾರೆ, ಗದ್ದೆಯಲ್ಲೇ ಗೂಡು ಪೇರಿಸಿ ಸುಡುತ್ತಾರೆ. ಮಳೆ ಶುರುವಾಗುವ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ನಾಟಿ. ಒಂದು ಕಾಲದಲ್ಲಿ ರಾಜಧಾನಿಯ ಒಳಗೆ ಬದುಕಿರುವವರ ಮನೆಗೆ ಕಲ್ಲು, ಇಟ್ಟಿಗೆ ಬಳಸುವಂತೆಯೇ ಇರಲಿಲ್ಲ. ಕಲ್ಲು ಸತ್ತವರ ಗೋರಿಗೆ, ಮರ ಬದುಕಿರುವವರ ಮನೆಗೆ ಅನ್ನುವುದು ಕಟ್ಟಳೆ. 1860ರ ದಶಕದ ಕೊನೆಯಲ್ಲಿ ರಾಣಿ ಎರಡನೇ ರಾನವಲೂನಾ ಇದನ್ನು ತೆಗೆದುಹಾಕಿದಳು. ಅದಾದ ಮೇಲೆ ನಡುನಾಡೆಲ್ಲ ಇಟ್ಟಿಗೆಮಯ ಆಯಿತು. ಮನೆ ಮಾತ್ರ ಹಳೇ ಲೆಕ್ಕದಲ್ಲೇ ನಿಂತಿರುತ್ತದೆ. ಉದ್ದ ಉತ್ತರ-ದಕ್ಷಿಣಕ್ಕೆ, ಬಾಗಿಲು ಪಶ್ಚಿಮಕ್ಕೆ. ಒಳಗೆ ಈಶಾನ್ಯ ಮೂಲೆ ಹಿರಿಯರಿಗೆ ಮೀಸಲು. ಹಳೇ ಪದ್ಧತಿ ಬಿಡದ ಮನೆಗಳಲ್ಲಿ ಆ ಮೂಲೆಗೆ ನಿಮ್ಮ ಬೂಟು, ಬ್ಯಾಗು ಎಸೆದರೆ ಯಾರೂ ಬೈಯುವುದಿಲ್ಲ. ನಗುತ್ತಾ ಎತ್ತಿ ಬೇರೆ ಕಡೆ ಇಡುತ್ತಾರೆ.

ಈಗ ಕಾರ್ಯಕ್ರಮದ ವಿಷಯಕ್ಕೆ ಬರೋಣ. ಅಲ್ಲಿ ಹೀರಾಗಾಸಿ ಅಂತ ಒಂದು ಆಟವಿದೆ. ಹಾಡು, ಭಾಷಣ, ಕುಣಿತ, ವಾದ್ಯ ಎಲ್ಲ ಸೇರಿದ್ದು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆಡುವವರು ಹೆಚ್ಚಾಗಿ ರೈತರು. ಅಪ್ಪ, ಚಿಕ್ಕಪ್ಪ, ಸೊಸೆ, ಮೊಮ್ಮಗ ಅಂತ ಒಂದೇ ಕುಟುಂಬ, ಒಂದೇ ಊರಿನವರು ಸೇರಿ ಕಟ್ಟಿದ ತಂಡಗಳು. ಗದ್ದೆ ಕೆಲಸ ಇಲ್ಲದ ಒಣ ತಿಂಗಳುಗಳಲ್ಲಿ ಊರೂರು ಸುತ್ತುತ್ತಾರೆ. ಒಂದು ತಂಡ ಆಡಿದರೆ ಆಟ ಆಗುವುದಿಲ್ಲ. ಎರಡು ತಂಡ ಎದುರಾಬದುರಾ ನಿಲ್ಲಬೇಕು. ನಮ್ಮ ಯಕ್ಷಗಾನದ ಜೋಡಾಟ ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ವ್ಯತ್ಯಾಸ ಅಂದರೆ ಅಲ್ಲಿ ಇಬ್ಬರೂ ಒಟ್ಟಿಗೆ ಆಡುವುದಿಲ್ಲ, ಸರದಿಯಲ್ಲಿ ಬರುತ್ತಾರೆ. ಹಗಲಿಡೀ ನಡೆಯುತ್ತದೆ.

ರಂಗ ಅಂದರೆ ಅಂಗಳ. ಜನ ಸುತ್ತ ನಾಲ್ಕೂ ಕಡೆ ಕೂರುತ್ತಾರೆ. ನೆಲದಲ್ಲಿ ಮಕ್ಕಳು, ಹಿಂದೆ ದೊಡ್ಡವರು, ಗೋಡೆ ಮೇಲೆ ಹುಡುಗರು. ಗಂಡಸರು ಕೆಂಪು ಉದ್ದ ಕೋಟು ಹಾಕಿರುತ್ತಾರೆ, 19ನೇ ಶತಮಾನದ ಸಿಪಾಯಿಗಳ ಕೋಟಿನ ಮಾದರಿ. ತಲೆಗೆ ಹುಲ್ಲಿನ ಟೊಪ್ಪಿ. ಹೆಂಗಸರು ನೆಲ ಮುಟ್ಟುವ ಒಂದೇ ಬಣ್ಣದ ಲಂಗದ ಉಡುಪು, ಮೇಲೆ ಹೆಗಲಿಗೆ ಲಾಂಬಾ ಅನ್ನುವ ಹೊದಿಕೆ. ವಾದ್ಯಗಳಲ್ಲಿ ಡ್ರಮ್ಮು, ತುತ್ತೂರಿ, ಕ್ಲಾರಿನೆಟ್ಟು, ಪಿಟೀಲು. ಮೈಕ್ ಇಲ್ಲ. ಹಾಡುವವರು ಗುಂಪಾಗಿ ನಿಂತು, ಮೈ ತಿರುಗಿಸುತ್ತಾ ನಾಲ್ಕೂ ದಿಕ್ಕಿನವರಿಗೆ ಕೇಳುವಂತೆ ಗಂಟಲು ಬಿಟ್ಟು ಹಾಡುತ್ತಾರೆ. ಕಿವಿಗೆ ಇಂಪು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲ ಅರ್ಧ ಗಂಟೆ ನನಗೆ ಗದ್ದಲ ಅನಿಸಿತು.

ಮೊದಲಿಗೆ ಡ್ರಮ್ಮು. ಆಮೇಲೆ ಒಬ್ಬ ಹಿರಿಯ ಮುಂದೆ ಬರುತ್ತಾನೆ. ಕಬಾರಿ ಶುರು. ಕಬಾರಿ ಅಂದರೆ ಅವರ ಭಾಷಣ ಕಲೆ, ಇದೂ 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಆತ ನೇರ ವಿಷಯಕ್ಕೆ ಬರುವುದೇ ಇಲ್ಲ. ಮೊದಲು ಕ್ಷಮೆ ಕೇಳುತ್ತಾನೆ. ನನಗಿಂತ ಹಿರಿಯರಿದ್ದಾರೆ, ತಿಳಿದವರಿದ್ದಾರೆ, ಆದರೂ ನಾನು ಬಾಯಿ ತೆರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ ಅಂತ. ಈ ಕ್ಷಮೆಯನ್ನೇ ಗಾದೆ ಮೇಲೆ ಗಾದೆ ಪೋಣಿಸಿ ಉದ್ದ ಮಾಡುತ್ತಾನೆ. ಆಮೇಲೆ ದೇವರಿಗೆ, ಹಿರಿಯರಿಗೆ, ಸರ್ಕಾರಕ್ಕೆ, ಸೇರಿದವರಿಗೆ ವಂದನೆ. ಆಮೇಲೆ ತಾನೇ ವಿಷಯ: ಅಪ್ಪ-ಅಮ್ಮನನ್ನು ನೋಡಿಕೊಳ್ಳದ ಮಗ, ಕುಡಿತ, ಊರು ಬಿಟ್ಟು ಪೇಟೆ ಸೇರಿದವರ ಪಾಡು. ಒಳ್ಳೇ ಗಾದೆ ಬಿದ್ದ ಕಡೆ ಜನ ಹೋ ಅನ್ನುತ್ತಾರೆ. ಎದುರು ತಂಡದವರು ಮುಖ ಗಂಟಿಕ್ಕಿ ಕೇಳುತ್ತಿರುತ್ತಾರೆ, ಮುಂದಿನ ಸರದಿಯಲ್ಲಿ ಅದಕ್ಕಿಂತ ಚೂಪಾದದ್ದು ಎಸೆಯಬೇಕಲ್ಲ. ಹಾಡಿನ ನಂತರ ಹುಡುಗರ ಕುಣಿತ, ಕಾಲು ಬೀಸಿ ಲಾಗ ಹಾಕುವ ಕುಣಿತ, ಹಳೇ ಕಾಲುಕಾಳಗದ ಪಟ್ಟುಗಳು ಅದರಲ್ಲಿವೆ. ಗೆದ್ದವರು ಯಾರು ಅಂತ ತೀರ್ಮಾನ ಮಾಡುವುದು ಜನರ ಕೂಗು, ಅವರು ಎಸೆಯುವ ಕಾಸು.

ಇದರ ಮೂಲ ರಾಜಕೀಯ. 1787ರ ಸುಮಾರಿಗೆ ಪಟ್ಟಕ್ಕೆ ಬಂದ ರಾಜ ಆಂಡ್ರಿಯಾನಂಪುಯ್ನಿಮೆರಿನಾ — ಹೆಸರು ಉದ್ದ, ಎರಡು ಸಲ ಹೇಳಿಸಬೇಡಿ — ಊರೂರಿಗೆ ಆಜ್ಞೆ ಸಾರುವಾಗ ಜನ ಸೇರಲಿ ಅಂತ ಹಾಡುವವರನ್ನು ಮುಂದೆ ಬಿಡುತ್ತಿದ್ದ ಅನ್ನುತ್ತಾರೆ. ಹಾಡು ಜನರನ್ನು ಸೇರಿಸಲು, ಭಾಷಣ ವಿಷಯ ಮುಟ್ಟಿಸಲು. ರಾಜ ಹೋದ, ಫ್ರೆಂಚರು ಬಂದರು, 1960ರಲ್ಲಿ ಅವರೂ ಹೋದರು. ಹಾಡು, ಭಾಷಣ ಎರಡೂ ಉಳಿದವು.

ಈಗ ಯೋಚನೆ ಮಾಡಿ. ಇದನ್ನು ಪ್ರವಾಸಿಗೆ ಅಂತ ಮುಕ್ಕಾಲು ಗಂಟೆಗೆ ಇಳಿಸಬೇಕಾದರೆ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಕಬಾರಿಗೆ. ಭಾಷೆ ಗೊತ್ತಿಲ್ಲದವನಿಗೆ ಅದು ಬೋರು. ಆಮೇಲೆ ಎರಡನೇ ತಂಡಕ್ಕೆ, ಖರ್ಚು ಡಬಲ್ ಯಾಕೆ ಅಂತ. ಉಳಿಯುವುದು ಕೆಂಪು ಕೋಟು ಮತ್ತು ಲಾಗ. ಸ್ಪರ್ಧೆಯಿಲ್ಲ, ಮಾತಿಲ್ಲ. ಆಡುವವರಿಗೇ ಅದರಲ್ಲಿ ಆಸಕ್ತಿ ಇರುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ನಾನು ಅಂಥ ಒಂದು ಪ್ರದರ್ಶನವನ್ನೂ ನೋಡಿದ್ದೇನೆ, ಊಟದ ಹಾಲಿನಲ್ಲಿ, ಫೋರ್ಕು-ಚಾಕುವಿನ ಸದ್ದಿನ ನಡುವೆ. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಹಳ್ಳಿಯ ಅತಿಥಿಮನೆ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಮನೆಯವರು ಕೊಡುವುದು ಮೂರೇ: ಅಂಗಳ, ಅನ್ನ, ಇಡೀ ದಿನ. ತಂಡಗಳನ್ನು ಕರೆಸುವುದು ಯಾವುದೋ ಕುಟುಂಬ, ಊರಿನ ಸಂಘ ಅಥವಾ ಚರ್ಚು. ಟಿಕೆಟ್ಟು ಇದ್ದರೂ ಹಳ್ಳಿಯವರ ಕೈಗೆ ಎಟುಕುವಷ್ಟೇ. ಅಂಗಳಕ್ಕೆ ಬೇಲಿ ಇರಬಹುದು, ಗೇಟಿಗೆ ಆ ದಿನ ಬೀಗ ಇರುವುದಿಲ್ಲ. ಬರುವವರು ಬಾಗಿಲಲ್ಲಿ ನಿಂತು ‘ಹೌದಿ, ಹೌದಿ!’ ಅಂತ ಕೂಗುತ್ತಾರೆ, ಒಳಗಿನಿಂದ ‘ಮಂಡ್ರುಸುವಾ’, ಬನ್ನಿ ಒಳಗೆ, ಅಂತ ಉತ್ತರ ಬರುತ್ತದೆ. ಕಡಲೆಕಾಯಿ ಮಾರುವವಳು, ಮುಫು ಗಾಸಿ ಬೇಯಿಸುವವಳು ಗೇಟಿನ ಹತ್ತಿರ ಒಲೆ ಹೂಡುತ್ತಾರೆ. ಹುದುಗಿಸಿದ ಅಕ್ಕಿ ಹಿಟ್ಟಿಗೆ ಸ್ವಲ್ಪ ಸಕ್ಕರೆ ಹಾಕಿ, ಗುಳಿ ಹಂಚಿನಲ್ಲಿ ಹುಯ್ದು, ಕಡ್ಡಿಯಿಂದ ತಿರುವಿ ಹಾಕುವ ತಿಂಡಿ. ಬಿಸಿಬಿಸಿ ಇದ್ದಾಗಲೇ ತಿನ್ನಬೇಕು, ಆರಿದ ಮೇಲೆ ರಬ್ಬರ್.

ಹೀರಾಗಾಸಿ ತಂಡಗಳ ಹೊಟ್ಟೆಪಾಡು ಪ್ರವಾಸಿಗಳಿಂದ ನಡೆಯುವುದಲ್ಲ ಅನ್ನುವುದನ್ನೂ ಹೇಳಬೇಕು. ಅವರಿಗೆ ದೊಡ್ಡ ಸೀಸನ್ ಅಂದರೆ ಜುಲೈಯಿಂದ ಸೆಪ್ಟೆಂಬರ್, ಫಮದಿಹಾನದ ಕಾಲ. ಗೋರಿ ತೆರೆದು, ಹಿರಿಯರ ಅಸ್ಥಿಗಳಿಗೆ ಹೊಸ ರೇಷ್ಮೆ ಬಟ್ಟೆ ಸುತ್ತಿ, ಹೆಗಲ ಮೇಲೆ ಹೊತ್ತು ಕುಣಿದು, ಮತ್ತೆ ಒಳಗಿಡುವ ಸಮಾರಂಭ. ಕುಟುಂಬಗಳು ವರ್ಷಗಟ್ಟಲೆ ದುಡ್ಡು ಕೂಡಿಡುತ್ತವೆ. ಊರಿಗೆಲ್ಲ ಊಟ, ಕೊಬ್ಬು ತೇಲುವ ಮಾಂಸದ ಜೊತೆ ಅನ್ನ. ಇದು ಅತಿಥಿಮನೆಯಲ್ಲಿ ನಡೆಯುವುದಲ್ಲ, ಗೋರಿಯ ಹತ್ತಿರ ನಡೆಯುತ್ತದೆ. ಅತಿಥಿಗಳು ‘ನಮ್ಮನ್ನೂ ಕರೆದುಕೊಂಡು ಹೋಗಿ’ ಅಂತ ದುಂಬಾಲು ಬೀಳುತ್ತಾರೆ. ಒಳ್ಳೇ ಮನೆಯೊಡೆಯ ಆ ಕುಟುಂಬವನ್ನು ಮೊದಲು ಕೇಳುತ್ತಾನೆ. ಅವರು ಹೂಂ ಅಂದರೆ, ಒಂದು ಲಕೋಟೆಯಲ್ಲಿ ಕಾಣಿಕೆ ಹಿಡಿದು ಹೋಗಬೇಕು, ಕುಣಿ ಅಂದರೆ ಕುಣಿಯಬೇಕು, ಕ್ಯಾಮೆರಾ ಕೇಳಿ ತೆಗೆಯಬೇಕು. ಇದನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಅತಿಥಿಮನೆಯ ಅಂಗಳದಲ್ಲಿ ನಿಜವಾಗಿ ಜಾಸ್ತಿ ನಡೆಯುವುದು ಮದುವೆಯ ಮಾತು. ವುದಿಯುಂಡ್ರಿ ಅನ್ನುತ್ತಾರೆ. ಹಿಂದೆ ಹುಡುಗಿಯ ಮನೆಯವರಿಗೆ ಕುರಿಯ ಹಿಂಭಾಗದ ಮಾಂಸ ಕೊಡುವುದು ಪದ್ಧತಿ. ಒಳ್ಳೇ ತುಂಡು ಹಿರಿಯರಿಗೆ ಅಂತ ಲೆಕ್ಕ. ಈಗಲೂ ಕೋಳಿ ಮಾಡಿದ ದಿನ ಅದರ ಬಾಲದ ತುಂಡು ಮನೆಯ ಹಿರಿಯರ ತಟ್ಟೆಗೇ ಹೋಗುವುದು. ಕುರಿಯ ಬದಲು ಈಗ ಲಕೋಟೆಯಲ್ಲಿ ದುಡ್ಡು.

ಇದನ್ನು ನೀವು ನೋಡಬೇಕು. ಎರಡೂ ಕಡೆಯವರು ಎದುರುಬದುರು ಕೂರುತ್ತಾರೆ, ಹುಡುಗ ಹುಡುಗಿ ಬಾಯಿ ಬಿಡುವಂತಿಲ್ಲ. ಮಾತಾಡುವುದಕ್ಕೆ ಎರಡೂ ಕಡೆ ಒಬ್ಬೊಬ್ಬ ಕಬಾರಿಗಾರ. ಕೆಲವೊಮ್ಮೆ ಮನೆಯ ಹಿರಿಯ, ಕೆಲವೊಮ್ಮೆ ದುಡ್ಡು ಕೊಟ್ಟು ಕರೆಸಿದವನು. ಹುಡುಗನ ಕಡೆಯವನು ಎದ್ದು ನಿಂತು ಕ್ಷಮೆ ಕೇಳುತ್ತಾ ಶುರು ಮಾಡುತ್ತಾನೆ. ಹುಡುಗಿಯ ಕಡೆಯವನು ಕಾಯುತ್ತಿರುತ್ತಾನೆ. ಎಲ್ಲಿ ತಪ್ಪುತ್ತಾನೆ, ಯಾವ ಹಿರಿಯರ ಹೆಸರು ಬಿಟ್ಟ, ಅಪ್ಪಣೆ ಕೇಳದೆ ಮುಂದಿನ ಮಾತಿಗೆ ಹಾರಿದನಾ ಅಂತ. ಸಿಕ್ಕಿಬಿದ್ದರೆ ದಂಡ. ಲಕೋಟೆ ಮುಂದೆ ಬರುತ್ತದೆ. ಹುಡುಗಿಯ ಅಣ್ಣಂದಿರಿಗೊಂದು ಲಕೋಟೆ, ಅವಳನ್ನು ಎತ್ತಿ ಆಡಿಸಿದ ಅತ್ತೆಗೊಂದು. ಎಲ್ಲರಿಗೂ ಗೊತ್ತು, ಎಷ್ಟು ಲಕೋಟೆ ಅಂತ ಎರಡು ಮನೆಯವರು ಮೊದಲೇ ಮಾತಾಡಿಕೊಂಡಿರುತ್ತಾರೆ. ಆದರೂ ಆ ಜಗಳ ನಿಜದ ಜಗಳದ ಹಾಗೇ ಏರುತ್ತದೆ. ಹುಡುಗನ ಕಡೆಯವನು ಒಂದು ಒಳ್ಳೇ ಗಾದೆಯಲ್ಲಿ ತಪ್ಪಿಸಿಕೊಂಡರೆ ಹುಡುಗಿಯ ಕಡೆಯವರೂ ಚಪ್ಪಾಳೆ ತಟ್ಟುತ್ತಾರೆ. ಮದುಮಗ ಬೆವರು ಒರೆಸಿಕೊಳ್ಳುತ್ತಿರುತ್ತಾನೆ.

ನಾನಿದ್ದ ಮನೆಯಲ್ಲಿ ಇದು ನಡೆದಾಗ, ಮಹಡಿಯ ಕೋಣೆಯಲ್ಲಿದ್ದ ಒಬ್ಬ ಅತಿಥಿ ಕೆಳಗಿಳಿದು ಬಂದು ಮನೆಯೊಡತಿಯನ್ನು ಕೇಳಿದರು, ‘ಈ ಗಲಾಟೆ ಎಷ್ಟು ಹೊತ್ತಿಗೆ ಮುಗಿಯುತ್ತೆ?’ ಆಕೆ ಕೊಟ್ಟ ಉತ್ತರ, ‘ಹುಡುಗಿ ಕೊಟ್ಟ ಮೇಲೆ.’ ಆತ ಅಲ್ಲೇ ಒಂದು ಕುರ್ಚಿ ಎಳೆದು ಕೂತರು. ಹಳ್ಳಿಯ ಮೇಷ್ಟ್ರೊಬ್ಬರು ಪಕ್ಕದಲ್ಲಿ ಕೂತು ಫ್ರೆಂಚಿನಲ್ಲಿ ಪಿಸುಗುಟ್ಟುತ್ತಾ ಹೋದರು. ಗಾದೆಗಳಲ್ಲಿ ಅರ್ಧವನ್ನು ಮೇಷ್ಟ್ರು ‘ಇದನ್ನು ಹೇಳಕ್ಕಾಗಲ್ಲ’ ಅಂತ ಬಿಟ್ಟುಬಿಟ್ಟರು.

ಎಲ್ಲ ಕಾರ್ಯಕ್ರಮವೂ ಇಷ್ಟು ದೊಡ್ಡದಾಗಬೇಕು ಅಂತಿಲ್ಲ. ವಲಿಹಾ ಅಂತ ಒಂದು ವಾದ್ಯ ಇದೆ. ದಪ್ಪ ಬಿದಿರಿನ ಕೊಳವೆ, ಸುತ್ತಲೂ ತಂತಿ. ಹಿಂದೆ ಆ ಬಿದಿರಿನ ಸಿಪ್ಪೆಯನ್ನೇ ಎಳೆ ಎಳೆಯಾಗಿ ಸೀಳಿ, ಕೆಳಗೆ ಸಣ್ಣ ತುಂಡು ಸಿಕ್ಕಿಸಿ ತಂತಿ ಮಾಡುತ್ತಿದ್ದರು. ಈಗ ಸೈಕಲ್ಲಿನ ಬ್ರೇಕ್ ವೈರನ್ನು ಬಿಚ್ಚಿ, ಒಂದೊಂದೇ ಎಳೆ ತೆಗೆದು ಕಟ್ಟುತ್ತಾರೆ. ತೊಡೆಗಳ ನಡುವೆ ನಿಲ್ಲಿಸಿ ಎರಡೂ ಕೈಯ ಬೆರಳಲ್ಲಿ ಮೀಟುವುದು. ಒಬ್ಬನೇ ಕೂತು ನುಡಿಸಬಹುದು, ಊಟದ ಮನೆಗೆ ಸರಿಯಾಗಿ ಹೊಂದುತ್ತದೆ, ನುಡಿಸುವವನಿಗೂ ನಾಲ್ಕು ಅರಿಯಾರಿ, ಅಂದರೆ ಅಲ್ಲಿನ ದುಡ್ಡು, ಸಿಗುತ್ತದೆ. ಯಾವುದು ಒಳಗೆ ಹಿಡಿಸುತ್ತದೆ, ಯಾವುದಕ್ಕೆ ಅಂಗಳವೇ ಬೇಕು ಅನ್ನುವ ಅಂದಾಜು ಮನೆ ನಡೆಸುವವರಿಗೆ ಇರಬೇಕು.

ವ್ಯಾಪಾರದ ಮಾತು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. ಊರಿನವರನ್ನು ನೆಚ್ಚಿಕೊಂಡರೆ ಮನೆ ನಡೆಯುತ್ತಾ? ಆ ದೇಶದ ಈಚಿನ ವರ್ಷಗಳನ್ನು ನೋಡಿ. 2009ರಲ್ಲಿ ರಾಜಕೀಯ ಗಲಭೆ, ಪ್ರವಾಸಿಗಳು ನಿಂತರು. 2020ರ ಮಾರ್ಚ್‌ನಲ್ಲಿ ಕೊರೊನಾ, ವಿಮಾನ ಬಂದ್. 2025ರ ಸೆಪ್ಟೆಂಬರ್‌ನಲ್ಲಿ ನೀರಿಲ್ಲ, ಕರೆಂಟಿಲ್ಲ ಅಂತ ಹುಡುಗರು ಬೀದಿಗಿಳಿದರು, ಅಕ್ಟೋಬರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಪ್ರತಿ ಸಲವೂ ಮೊದಲು ಖಾಲಿಯಾಗುವುದು ವಿದೇಶಿ ಬುಕಿಂಗ್. ಈಸ್ಟರ್ ಮಾರನೇ ಸೋಮವಾರ, ಪೆಂಟೆಕಾಸ್ಟ್ ಹಬ್ಬದ ಸೋಮವಾರ ತಾನಾದ ಮಂದಿ ಅನ್ನದ ಪಾತ್ರೆ ಕಟ್ಟಿಕೊಂಡು ಹಳ್ಳಿಕಡೆ ಪಿಕ್ನಿಕ್ ಹೋಗುವುದು ಮಾತ್ರ ಬಿಡುವ ಅಭ್ಯಾಸವಲ್ಲ. ಜೂನ್ 26ರ ಸ್ವಾತಂತ್ರ್ಯ ದಿನ, ಹಿಂದಿನ ರಾತ್ರಿ ಮಕ್ಕಳ ಕಾಗದದ ಲಾಂದ್ರ ಮೆರವಣಿಗೆ. ಮದುವೆಗಳಂತೂ ಇದ್ದೇ ಇವೆ. ಅಲ್ಲಿ ಒಂದು ಗಾದೆ ಇದೆ: ದಕ್ಷಿಣಕ್ಕೊಂದು ಮನೆ, ಉತ್ತರಕ್ಕೊಂದು ಮನೆ, ಯಾವುದು ಸೋರುವುದಿಲ್ಲವೋ ಅಲ್ಲಿ ಆಸರೆ. ಒಬ್ಬರಿಗೊಬ್ಬರು ಆಗಿಬರುವ ಬಗ್ಗೆ ಹೇಳುವ ಗಾದೆ ಅದು, ಅತಿಥಿಮನೆಯ ಲೆಕ್ಕದ ಪುಸ್ತಕಕ್ಕೂ ಒಪ್ಪುತ್ತದೆ.

ಎಲ್ಲ ಚೆಂದ ಅಂತ ಮಾತ್ರ ಹೇಳಲಾರೆ. ಪಿಕ್ನಿಕ್ ದಿನ ದೊಡ್ಡ ಸ್ಪೀಕರ್ ಬಂದರೆ ಮುಗಿಯಿತು, ನಿಮ್ಮ ವಲಿಹಾ ಎಲ್ಲೋ. ಕಳ್ಳಬಟ್ಟಿ ರಮ್ಮಿನ ಬಾಟಲಿ ಬಂದರೆ ಇನ್ನೂ ಕಷ್ಟ. ಹಾಗೇ, ಮನೆ ಕೊಂಡವರು ಹೊರಗಿನವರಾಗಿದ್ದರೆ ಮೊದಲು ಕಟ್ಟುವುದು ಎತ್ತರದ ಕಾಂಪೌಂಡು. ಅಂಥ ಕಡೆ ಊರಿನವರು ಒಳಗೆ ಕಾಲಿಡುವುದು ಪಾತ್ರೆ ತೊಳೆಯುವುದಕ್ಕೆ ಮತ್ತೆ ಕುಣಿಯುವುದಕ್ಕೆ. ನಮ್ಮಲ್ಲೂ ಇದು ಹೊಸದಲ್ಲ, ಹೆಸರು ಹೇಳಬೇಕಾಗಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲೇ ಸೇರಿಸುತ್ತೇನೆ.

ಯಾವಾಗ ಹೋಗಬೇಕು ಅಂತ ಒಬ್ಬರು ಕೇಳಿದರು. ಮೇಯಿಂದ ಅಕ್ಟೋಬರ್. ನವೆಂಬರ್ ಆದಮೇಲೆ ಮಳೆ, ಅದರ ಹಿಂದೆ ಚಂಡಮಾರುತ, ಹಳ್ಳಿ ರಸ್ತೆ ಕೆಸರು. ಹೆದ್ದಾರಿಯಲ್ಲೂ ಕತ್ತಲಾದ ಮೇಲೆ ಓಡಾಡಬೇಡಿ, ದರೋಡೆಯ ಭಯ ಇದೆ, ರಸ್ತೆಯೂ ನೆಟ್ಟಗಿಲ್ಲ. ಮಧ್ಯಾಹ್ನದೊಳಗೆ ಮನೆ ಸೇರುವ ಹಾಗೆ ಹೊರಡಿ.

ನಿಷೇಧಗಳೇನಾದರೂ ಇವೆಯಾ ಅಂತ ಇನ್ನೊಬ್ಬರು. ಇವೆ, ಫಾದಿ ಅನ್ನುತ್ತಾರೆ, ಊರಿಗೊಂದು ಥರ. ಆಂತ್ಸಿರಬೆ ಹತ್ತಿರದ ತ್ರಿತ್ರಿವಾ ಕೊಳಕ್ಕೆ ಹಂದಿ ಮಾಂಸದ ಸಂಬಂಧ ಇಟ್ಟುಕೊಂಡು ಹೋಗಬಾರದು. ಗೋರಿಯ ಕಡೆ ಬೆರಳು ನೀಟಿ ತೋರಿಸಬಾರದು, ಬೆರಳು ಮಡಚಿ ತೋರಿಸಿ. ಮನೆಯವರನ್ನು ಮೊದಲೇ ಕೇಳಿಬಿಟ್ಟರೆ ಸುಲಭ.

ಕೊನೆಯ ಪ್ರಶ್ನೆ ನಿರೀಕ್ಷೆ ಇದ್ದದ್ದೇ: ಸಸ್ಯಾಹಾರಿಗಳ ಗತಿ ಏನು? ಗಾಬರಿ ಬೇಡ. ಮೂರು ಹೊತ್ತೂ ಅನ್ನದ ದೇಶ ಅದು. ಬೆಳಿಗ್ಗೆ ಗಂಜಿಯಂತೆ ಮೆತ್ತಗೆ, ಮಧ್ಯಾಹ್ನ ರಾತ್ರಿ ಉದುರಾಗಿ. ಊಟದ ಜೊತೆ ಕುಡಿಯುವುದು ರಾನುವುಲಾ: ಪಾತ್ರೆಯ ತಳಕ್ಕೆ ಹತ್ತಿದ ಅನ್ನಕ್ಕೆ ನೀರು ಸುರಿದು ಕುದಿಸಿದ್ದು, ಹೊಂಬಣ್ಣ, ಹುರಿದ ವಾಸನೆ. ಸೊಪ್ಪಿನ ಸಾರು ರುಮಜಾವ, ಅದರಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಸೊಪ್ಪು ಬೀಳುತ್ತದೆ. ಆದರೆ ಸಾಮಾನ್ಯವಾಗಿ ಮಾಂಸ ಹಾಕೇ ಮಾಡುತ್ತಾರೆ. ಕಾಳಿನ ಪಲ್ಯ ಚೆನ್ನಾಗಿರುತ್ತದೆ, ಅದಕ್ಕೂ ಹಂದಿ ಹಾಕುವ ರೂಢಿ. ಹಾಕದೆ ಮಾಡಿ ಅಂತ ಹಿಂದಿನ ರಾತ್ರಿಯೇ ಹೇಳಿಡಿ, ಬೆಳಿಗ್ಗೆ ಹೇಳಿದರೆ ಆಗಲ್ಲ. ಕಾಳು ನೆನೆಹಾಕಬೇಕಲ್ಲ.